ನಡುಕ ಯಾರ ಪಾಲಿಗೆ?

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಇಡಗುಂದಿಗೆ ತನ್ನ ಹಳೆಯ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಬಂದ. ಕೈಕಾಲು ತೊಳೆಯುವ ಮೊದಲೇ ಅದಕ್ಕಾದ ಹೊಸ ಸಂಸ್ಕಾರವನ್ನು ವರ್ಣಿಸತೊಡಗಿದ. ಎಂಜಿನ್ನನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಹೊತ್ತಿದ್ದ ರಬ್ಬರಿನ ಮೌಂಟುಗಳನ್ನು ತೆಗೆಸಿ, ಗಟ್ಟಿಯಾದ ಪಾಲಿಯುರೆಥೇನಿನವನ್ನು ಹಾಕಿಸಿದ್ದನಂತೆ. ರಬ್ಬರು ಮೆತ್ತಗಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನು ಮೊದಲು ಕುಳಿತಲ್ಲೇ ಕೊಂಚ ಹೊರಳಿ, ಆಮೇಲೆ ಗಾಲಿಗೆ ಬಲ ಕೊಡುತ್ತದೆ. ಈಗ ಆ ವಿಳಂಬವಿಲ್ಲ. “ಈಗ ಕಾರು ಸುಳ್ಳು ಹೇಳ್ತಿಲ್ಲೆ ಮಾವ” ಎಂದ. ಮಾತು ಹಿಡಿಸಿತು. ಕನ್ನಡ ಮಾಸ್ತರನಿಗೆ ರೂಪಕವೊಂದು ಸಿಕ್ಕರೆ ಬೇರೇನು ಬೇಕು!

ಮರುದಿನ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಅಂಕೋಲೆಯ ನಂಟರ ಮನೆಗೆಂದು ಅರಬೈಲು ಘಟ್ಟ ಇಳಿದೆವು. ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳಿತು, ನಿಜ. ಆದರೆ ಲಾರಿಗಳ ಸಾಲಿನ ಹಿಂದೆ ನಿಂತಾಗಲೆಲ್ಲ ಸೀಟು, ಬಾಗಿಲು, ಅಮ್ಮನ ಎಲೆಯಡಿಕೆ ಡಬ್ಬಿ ಎಲ್ಲವೂ ಗುಂಯ್‌ಗುಟ್ಟತೊಡಗಿದವು. ಎಂಜಿನ್ನು ಮೊದಲೂ ಇಷ್ಟೇ ನಡುಗುತ್ತಿತ್ತು. ಆ ನಡುಕವನ್ನು ರಬ್ಬರು ನುಂಗುತ್ತಿತ್ತು. ಈಗ ಅಮ್ಮನ ಸೊಂಟ ನುಂಗಬೇಕಾಯಿತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ, ‘ತೇಲುವ ಶಕ್ತಿ’ ಎಂದು ಸಾರಿದ್ದು ಈ ನಡುಕವನ್ನು ಕುಳಿತವರಿಂದ ದೂರವಿಡಲೆಂದೇ. ಪಂದ್ಯದ ಕಾರಿನ ಮಾತು ಬೇರೆ. ಅಲ್ಲಿ ಗಟ್ಟಿತನ ಬಯಸಿದವನೂ ನಡುಗುವವನೂ ಒಬ್ಬನೇ.

ತೋಟ ಪಾಲಾದ ವರ್ಷ ನಾನೂ ಹೀಗೇ ಗಟ್ಟಿಯಾಗಿದ್ದೆ. ಒಂದು ಅಡಿಕೆಮರವೂ ತಮ್ಮನ ಕಡೆಗೆ ಹೆಚ್ಚು ಹೋಗದಂತೆ ಅಳೆಸಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ; ಇಂದಿಗೂ ತಪ್ಪೆಂದು ನಾನು ಒಪ್ಪಲಾರೆ. ಆದರೆ ನ್ಯಾಯ ಕೇಳಿದವನು ರಜೆ ಮುಗಿಸಿ ಪಾಠ ಹೇಳಲು ಧಾರವಾಡಕ್ಕೆ ಹೊರಟುಹೋದ. ಒಂದೇ ಮನೆಯ ಎರಡು ಒಲೆಗಳ ನಡುವೆ ಮೂರು ವರ್ಷ ಓಡಾಡಿದವಳು ಅಮ್ಮ. ನನ್ನ ಸತ್ಯ ಅಷ್ಟು ನೆಟ್ಟಗೆ ನಿಂತದ್ದು ನಡುವೆ ಅವಳಿದ್ದಳೆಂದೇ? ಹಾಗೆಂದು ಬಿಟ್ಟುಕೊಟ್ಟಿದ್ದರೆ ಸರಿಯಾಗುತ್ತಿತ್ತೆಂದೂ ಹೇಳಲಾರೆ. ಹರಿದ ರಬ್ಬರಿನ ಮೇಲೆ ಎಂಜಿನ್ನು ಕುಣಿದು ಪೈಪುಗಳನ್ನು ಕಿತ್ತದ್ದನ್ನೂ ಕಂಡಿದ್ದೇನೆ. ಎಷ್ಟು ಗಟ್ಟಿ ಇರಬೇಕೆಂಬುದನ್ನು ಹಿಂದೆ ಕುಳಿತವರನ್ನು ಕೇಳಿ ನಿಶ್ಚಯಿಸಬೇಕಿತ್ತು, ನಾನು ಕೇಳಲಿಲ್ಲ.

ರಾಮನಗುಳಿಯಲ್ಲಿ ಚಹಾಕ್ಕೆ ನಿಂತಾಗ ಅಳಿಯನೇ ಕೇಳಿದ, ಕಾರು ಹೇಗಿದೆಯೆಂದು. “ಚಲೋ ಇದ್ದು ತಮಾ” ಎಂದ ಅಮ್ಮ, ಸೊಂಟದ ಹಿಂದೆ ಮಡಿಚಿಟ್ಟ ಶಾಲನ್ನು ಇನ್ನೊಂದು ಮಡಿಕೆ ಮಾಡಿ ಒತ್ತಿಕೊಂಡಳು.