ನೇರ ಗುಂಡು ಮತ್ತು ಹಿಂಸೆಯ ಪ್ರಶ್ನೆ

ಅಮೆರಿಕದ ಅಯೋವಾ, ಇಲಿನಾಯ್ ಮುಂತಾದ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ರೈಫಲ್ ಒಯ್ಯಲು ಬಹುಕಾಲ ಅವಕಾಶವಿರಲಿಲ್ಲ. ನೆಲ ಚಪ್ಪಟೆ, ಮೆಕ್ಕೆಜೋಳದ ಹೊಲಗಳ ನಡುವೆ ಮನೆಗಳು; ಗುರಿ ತಪ್ಪಿದ ರೈಫಲ್ ಗುಂಡು ಎಲ್ಲಿಗೆ ಹೋಗಿ ಬಿದ್ದೀತೋ ಹೇಳಲಾಗದು. ಹಾಗಾಗಿ ಅಲ್ಲಿಯ ಬೇಟೆಗಾರರ ಕೈಗೆ ಬಂದದ್ದು ಶಾಟ್‌ಗನ್, ಅದರ ತೋಟೆಯಲ್ಲಿ ಚರೆಗಳ ಬದಲು ಸೀಸದ ಒಂದೇ ದಪ್ಪ ಗುಂಡು. ಅದಕ್ಕೆ ಸ್ಲಗ್ ಎನ್ನುತ್ತಾರೆ. ಭಾರವಾದ ಈ ಮೊಂಡು ಗುಂಡು ಬೇಗನೆ ವೇಗ ಕಳೆದುಕೊಳ್ಳುತ್ತದೆ, ದೂರದ ಮನೆಗಳಿಗೆ ಅಪಾಯ ಕಡಿಮೆ. ಆದರೆ ನುಣುಪು ನಳಿಗೆಯಿಂದ ಹೊರಟ ಗುಂಡು ಗಿರಗಿರನೆ ತಿರುಗುವುದಿಲ್ಲ; ತಿರುಗದ ಗುಂಡಿನ ದಿಕ್ಕನ್ನು ನೆಚ್ಚುವಂತಿಲ್ಲ.

ಈ ಕೊರತೆ ನೀಗಲು ಎಷ್ಟೋ ಹವ್ಯಾಸಿಗಳು ಮನೆಯಲ್ಲೇ ಸ್ಲಗ್ ಎರಕ ಹೊಯ್ದು, ಆಕಾರವನ್ನು ತಿದ್ದಿ, ಕಾಗದದ ಗುರಿಗೆ ಹೊಡೆದು ನೋಡುತ್ತ ಬಂದಿದ್ದಾರೆ. ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದೇ ಅವರ ಅಳತೆ. ಇಷ್ಟು ಪಾಡು ಏಕೆ ಎಂದರೆ ಹಲವರು ಕೊಡುವ ಉತ್ತರ ಧರ್ಮಕ್ಕೆ ಸಂಬಂಧಿಸಿದ್ದು: ಹೊಡೆದರೆ ಪ್ರಾಣಿ ಒಂದೇ ಏಟಿಗೆ ಬೀಳಬೇಕು, ಗಾಯಗೊಂಡು ಪೊದೆಯಲ್ಲಿ ನರಳಿ ಸಾಯಬಾರದು.

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುರಿ ತಿದ್ದುವ ಈ ಪಾಡಿಗೆ ಹಳೆಯ ಚರಿತ್ರೆಯೂ ಇದೆ.

ಗುಂಡಿನ ದಾರಿಯನ್ನು ಲೆಕ್ಕಕ್ಕೆ ತಂದವರಲ್ಲಿ ಪ್ರಮುಖ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರ ಅವನ ಪುಸ್ತಕ ಫಿರಂಗಿ ವಿದ್ಯೆಯನ್ನು ಅಂದಾಜಿನಿಂದ ಬಿಡಿಸಿ ವಿಜ್ಞಾನಕ್ಕೆ ಸೇರಿಸಿತು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದ ಅವನು 1751ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ. ಅವನ ಚಿಂತೆ ಯುದ್ಧದ್ದಾಗಿತ್ತು, ಜಿಂಕೆಯದ್ದಲ್ಲ. ಬೇಟೆಯ ಒಂಟಿ ಗುಂಡಿಗೆ ನೆಲೆ ಕೊಟ್ಟವನು ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ. 1898ರ ಅವನ ಸ್ಲಗ್‌ನಲ್ಲಿ ಹಿಂಬದಿಗೆ ಹಗುರವಾದ ಬೆಣೆ ಅಂಟಿಕೊಂಡಿರುತ್ತದೆ. 1931ರ ಸುಮಾರಿಗೆ ಅಮೆರಿಕದ ಕಾರ್ಲ್ ಫಾಸ್ಟರ್ ಹಿಂಬದಿಯನ್ನೇ ಪೊಳ್ಳು ಮಾಡಿದ. ಇಬ್ಬರ ಉಪಾಯವೂ ಒಂದೇ: ಬ್ಯಾಡ್ಮಿಂಟನ್ ಕಾಕ್‌ನಂತೆ ತೂಕವೆಲ್ಲ ಮುಂದಿದ್ದರೆ ಗುಂಡು ಮೂತಿ ಮುಂದಾಗಿಯೇ ಸಾಗುತ್ತದೆ.

ಗುರಿ ಹೀಗೆ ಸುಧಾರಿಸುತ್ತ ಹೋದಂತೆ ಕೊಲ್ಲುವುದರ ತಪ್ಪೂ ಕರಗುತ್ತ ಹೋಗುತ್ತದೆಯೇ?

ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಸಾಯುವ ರಾತ್ರಿ ದಶರಥ ಕೌಸಲ್ಯೆಯ ಮುಂದೆ ತೋಡಿಕೊಳ್ಳುವುದು ತನ್ನ ಬಿಲ್ವಿದ್ಯೆಯ ಕತೆಯನ್ನೇ. ಸದ್ದು ಕೇಳಿ ಬಾಣ ಬಿಡಬಲ್ಲವನೆಂದು ಹೆಸರು ಮಾಡಿದ್ದ ಅವನು, ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದಿಗೆ ಆನೆಯೆಂದು ಬಾಣ ಬಿಟ್ಟ. ಬಾಣ ಒಂದಿಷ್ಟೂ ತಪ್ಪಲಿಲ್ಲ. ಬಿದ್ದವನು ಕುರುಡು ತಂದೆತಾಯಿಗೆ ನೀರು ತರಲು ಬಂದ ಹುಡುಗ. ದಶರಥನ ಕೈಗೆ ಕೊರತೆಯಿರಲಿಲ್ಲ. ಕೈ ಪಳಗಿದ್ದರಿಂದಲೇ ಮನಸ್ಸು ನೋಡಲೊಲ್ಲದೆ ಹೋಯಿತು.

ಜೈನ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದರು. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ, ಎಂದರೆ ರಾಗದ್ವೇಷಗಳ ಎಚ್ಚರಗೇಡಿತನದಿಂದ, ಪ್ರಾಣ ತೆಗೆಯುವುದೇ ಹಿಂಸೆ. ಮೇಲುನೋಟಕ್ಕೆ ಇದು ಎಚ್ಚರದ ಬೇಟೆಗಾರನ ಪರ ವಾದ ಮಾಡಿದಂತೆ ಕಂಡೀತು. ಆದರೆ ಬೇಸಾಯದಲ್ಲಿ, ಅಡುಗೆಯಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯೇ ಬೇರೆ, ಕೊಲ್ಲಬೇಕೆಂದೇ ಹೊರಟು ಮಾಡುವ ಸಂಕಲ್ಪ ಹಿಂಸೆಯೇ ಬೇರೆ ಎಂದು ಅವರು ಗೆರೆ ಎಳೆದಿದ್ದಾರೆ. ಬೇಟೆ ಎರಡನೆಯದು, ಸಪ್ತವ್ಯಸನಗಳಲ್ಲಿ ಒಂದು. ಜನ್ನನ ‘ಯಶೋಧರ ಚರಿತೆ’ ಇದರ ತುತ್ತತುದಿ. ಅಲ್ಲಿ ಅರಸ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ರಕ್ತವಿಲ್ಲ, ನೋವಿಲ್ಲ, ಆದರೂ ಆ ಸಂಕಲ್ಪಕ್ಕಾಗಿ ಅರಸ, ಅವನ ತಾಯಿ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಬವಣೆಪಡುತ್ತಾರೆ. ನೋವು ಶೂನ್ಯವಾದರೂ ಹಿಂಸೆ ಶೂನ್ಯವಾಗದು ಎಂಬ ಈ ಮಾತು ನೇರ ಗುಂಡಿನ ವಾದಕ್ಕೆ ತಕ್ಕ ಎದುರುವಾದ.

ಹಾಗೆಂದು ಜನ್ನನ ಅಳತೆಯೊಂದೇ ಸಾಕೆನ್ನಲಾಗದು. ನರಳುವ ಜಿಂಕೆಗೆ ಬೇಟೆಗಾರನ ಸಂಕಲ್ಪ ಕಟ್ಟಿಕೊಂಡು ಏನಾಗಬೇಕು? ಅದಕ್ಕೆ ಅರ್ಧ ನಿಮಿಷಕ್ಕೂ ಅರ್ಧ ದಿನಕ್ಕೂ ಇರುವ ಅಂತರ ದೊಡ್ಡದು. ಕೊಲ್ಲಲು ಹೊರಟವನು ನೋವು ತಗ್ಗಿಸಲೇಬೇಕು.

ಇನ್ನು ಗುಂಡಿನ ಪರಿಣಾಮ ಗುರಿಯಲ್ಲೇ ಮುಗಿಯುವುದೂ ಇಲ್ಲ. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಕರುಳು, ಮಾಂಸಗಳಲ್ಲಿ ಉಳಿದ ಸೀಸದ ಚೂರುಗಳನ್ನು ನುಂಗಿ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸತ್ತವು. 1987ರಲ್ಲಿ ಕೊನೆಯ ಕಾಡುಹದ್ದನ್ನೂ ಹಿಡಿದು ಸಾಕಣೆಗೆ ತಂದಾಗ ಲೋಕದಲ್ಲಿದ್ದವು ಬರೀ 27. 2019ರ ಜುಲೈಯಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡೇ ನಿಷಿದ್ಧ. ಎಷ್ಟು ನೇರವಾಗಿ ಹೊಡೆದರೂ ಆ ಹದ್ದುಗಳು ಬದುಕುತ್ತಿರಲಿಲ್ಲ.

ಗುರಿಯ ಮೋಹ ಕೆಟ್ಟದ್ದೇನಲ್ಲ. ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರ್ 3ರಂದು ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಹೂವಿಟ್ಟು ಪೂಜಿಸುತ್ತಾರೆ. ಹಿಂದೆ ಪೂಜೆಯಾದ ಮೇಲೆ ಬೇಟೆಗೆ ಹೋಗುವುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅದಕ್ಕೆ ಆಸ್ಪದವಿಲ್ಲ. ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕಾಯಿ ಒಡೆದವರಿಗೆ ಬಹುಮಾನವಿದೆ, ಊರಿನ ಮೆಚ್ಚುಗೆಯಿದೆ. ಕಣ್ಣು, ಕೈ, ಉಸಿರು ಒಂದಾಗುವ ಸಂತೋಷವೇ ಬೇಕಾದುದಾದರೆ, ಅದನ್ನು ಪಡೆಯಲು ಜಿಂಕೆ ಸಾಯಬೇಕಿಲ್ಲ.