ಶಿಕ್ಷೆ, ಬಹುಮಾನ ಮತ್ತು ಶೀಲ

ಸೇಡಂ, ಚಿತ್ತಾಪುರಗಳ ಕರಿನೆಲದಲ್ಲಿ ಎತ್ತು ಒಕ್ಕಲಿಗನ ದನಿಯೊಂದಕ್ಕೇ ಸಾಲಿನ ತುದಿಯಲ್ಲಿ ತಿರುಗುವುದು. ಆ ದನಿಯ ಹಿಂದೆ ಒಮ್ಮೆ ಬಾರುಕೋಲಿದ್ದಿತು. ಸಂಜೆಗೆ ತೊಗರಿಯ ಹೊಟ್ಟೂ ಇದ್ದಿತು. ಹೀಗೆ ಕಲಿತುದು ವಿದ್ಯೆಯೇ ಸರಿ. ಆದರೆ ಅದನ್ನು ಶೀಲವೆನ್ನಬಹುದೆ?

ರಷ್ಯದ ಪಾವ್ಲೋವನು ಆಹಾರಕ್ಕೆ ಮೊದಲು ಒಂದು ಸದ್ದನ್ನು ಕೇಳಿಸುತ್ತ ಬರಲು, ಕಡೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರಿತು. ಅಮೆರಿಕದ ಥಾರ್ನ್‌ಡೈಕನು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಸುಖವನ್ನು ತಂದ ಚೇಷ್ಟೆಯು ನೆಲೆಗೊಳ್ಳುವುದನ್ನು ಕಂಡನು. ಸ್ಕಿನ್ನರನು 1938ರ ತನ್ನ ಗ್ರಂಥದಲ್ಲಿ, ದಂಡನೆಯು ನಡತೆಯನ್ನು ಕೆಲಕಾಲ ಅಡಗಿಸುವುದೇ ಹೊರತು ಬೇರುಸಹಿತ ಕೀಳದೆಂದು ಇಲಿಗಳ ಮೂಲಕ ತೋರಿದನು.

ಮನುಷ್ಯನೂ ಈ ನಿಯಮಕ್ಕೆ ಹೊರಗಲ್ಲ. ಬೆತ್ತಕ್ಕಂಜಿ ಓದುವ ಮಗು ಬೆತ್ತ ಮರೆಯಾದೊಡನೆ ಪುಸ್ತಕವನ್ನು ಮುಚ್ಚುವುದು. ಬಹುಮಾನಕ್ಕಾಗಿ ಸತ್ಯ ನುಡಿಯುವವನು, ಸುಳ್ಳಿಗೆ ಹೆಚ್ಚಿನ ಬೆಲೆ ದೊರೆತಂದು ಸುಳ್ಳಾಡುವನು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಅದು ಯುಕ್ತವೇ; ಆದರೆ ಅಂಕಗಳ ಆಸೆಯೂ ಒಂದು ಬಗೆಯ ಬಾರುಕೋಲಲ್ಲವೆ?

ಬೇರೊಂದು ಪಾಠವು ಶಹಾಬಾದಿನ ಕಲ್ಲುಗಣಿಯಲ್ಲುಂಟು. ಅಲ್ಲಿಯ ಸುಣ್ಣಗಲ್ಲು ಪದರ ಪದರವಾಗಿರುವುದು. ಪದರವನ್ನರಿತು ಉಳಿಯಿಟ್ಟರೆ ಹಾಸು ಸಮನಾಗಿ ಏಳುವುದು, ತಪ್ಪಿದರೆ ಒಡೆಯುವುದು. ಹೊಗಳಿಕೆ ಬೈಗುಳಗಳಿಲ್ಲದೆಯೇ ಕಲ್ಲು ಕೈಯನ್ನು ತಿದ್ದುವುದು. ಫಲವು ಕೆಲಸದೊಳಗೇ ಇರುವುದರಿಂದ, ನೋಡುವವರಿಲ್ಲದಿದ್ದರೂ ಕೈ ತಪ್ಪದು.

ಆದುದರಿಂದ ಬಹುಮಾನವು ಕಟ್ಟಡಕ್ಕೆ ಕಟ್ಟಿದ ಸಾರವೆಯಂತೆ. ಗೋಡೆ ನಿಂತ ಮೇಲೆ ಅದನ್ನು ಬಿಚ್ಚತಕ್ಕದ್ದು. ಓದಿನ ಸವಿಯನ್ನೂ ಸತ್ಯದ ನೆಮ್ಮದಿಯನ್ನೂ ಮಗು ತಾನೇ ಉಂಡ ದಿನ ಅಭ್ಯಾಸವು ಶೀಲವಾಗುವುದು. ಎತ್ತಿಗೆ ಆ ದಿನ ಬಂದೀತೋ ಇಲ್ಲವೋ. ಮಗುವಿಗೆ ಅದನ್ನು ತಪ್ಪಿಸಿದರೆ ಲೋಪವು ಹಿರಿಯರದೇ.