ಇಲಿಯ ಒಡಲಿನ ಬೆಳಕು

ಮನೆಯಲ್ಲಿ ಇಲಿಗೆ ಬೋನು ಇಡುವಾಗ ನಾವು ಹೆಚ್ಚು ಯೋಚಿಸುವುದಿಲ್ಲ. ಅಕ್ಕಿಯ ಚೀಲ ಕಡಿದ ಇಲಿ ಬೆಳಿಗ್ಗೆ ಬೋನಿನಲ್ಲಿ ಕಂಡರೆ ನಮಗೆ ಸಮಾಧಾನವೇ ಆಗುತ್ತದೆ. ಮಾಂಸ ತಿನ್ನುವ ನಾವು ಇಲಿಯ ನೋವಿನ ಬಗ್ಗೆ ಮಾತಾಡಲು ಹೊರಟರೆ ನಗುವವರೂ ಇದ್ದಾರೆ. ಆದರೂ ಮಾತಾಡಬೇಕಾಗಿದೆ. ನಮ್ಮವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದು, ಹಾಸಿಗೆಯ ಪಕ್ಕದಲ್ಲಿ ಔಷಧದ ಬಾಟಲಿ ತೂಗುಹಾಕಿದಾಗ ನಾವು ಆ ಹನಿಗಳನ್ನೇ ನೋಡುತ್ತಾ ಕೂರುತ್ತೇವೆ. ಅಂಥ ಔಷಧಗಳು ಮನುಷ್ಯನ ರಕ್ತ ಸೇರುವ ಮೊದಲು ಸಾಮಾನ್ಯವಾಗಿ ಇಲಿಗಳ ದೇಹವನ್ನು ಹಾದು ಬಂದಿರುತ್ತವೆ. ಆ ಇಲಿಗಳ ವಿಷಯ ನಾವು ಕೇಳುವುದೇ ಇಲ್ಲ.

ಪ್ರಯೋಗಾಲಯದಲ್ಲಿ ಇಲಿಯ ಚರ್ಮದಡಿ ಕ್ಯಾನ್ಸರ್ ಕೋಶಗಳನ್ನು ಚುಚ್ಚಿ ಗಡ್ಡೆ ಬೆಳೆಸಿದರೆ, ಅದರ ಉದ್ದ ಅಗಲಗಳನ್ನು ಹೊರಗಿನಿಂದಲೇ ಕ್ಯಾಲಿಪರ್ ಹಿಡಿದು ಅಳೆಯಬಹುದು. ಆದರೆ ಗಡ್ಡೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಇದ್ದರೆ? ಹಿಂದೆ ಇದಕ್ಕೆ ಇದ್ದ ಮುಖ್ಯ ದಾರಿ ಒಂದೇ: ಕೆಲವು ದಿನಗಳಿಗೊಮ್ಮೆ ಒಂದಷ್ಟು ಇಲಿಗಳನ್ನು ಕೊಂದು, ಒಡಲು ಸೀಳಿ ನೋಡುವುದು.

ಈ ದಾರಿಯನ್ನು ಬದಲಿಸಿದ ವಿಧಾನಗಳಲ್ಲಿ ಒಂದು ಮಿಂಚುಹುಳುವಿನಿಂದ ಬಂದದ್ದು. 1995ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಕಾಂಟಾಗ್ ಮತ್ತು ಸಂಗಡಿಗರು, ಬೆಳಕು ಸೂಸುವಂತೆ ಮಾಡಿದ ಬ್ಯಾಕ್ಟೀರಿಯಾಗಳನ್ನು ಜೀವಂತ ಇಲಿಯೊಳಗೆ ಹೊರಗಿನಿಂದಲೇ ಕ್ಯಾಮೆರಾದ ಮೂಲಕ ಕಂಡರು. ಮುಂದೆ ಕ್ಯಾನ್ಸರ್ ಕೋಶಗಳಿಗೂ ಇದು ಅನ್ವಯವಾಯಿತು. ಮಿಂಚುಹುಳುವಿನ ಲೂಸಿಫೆರೇಸ್ ಎಂಬ ಕಿಣ್ವದ ವಂಶವಾಹಿಯನ್ನು ಕ್ಯಾನ್ಸರ್ ಕೋಶಕ್ಕೆ ಸೇರಿಸಿ, ಆ ಕೋಶವನ್ನು ಇಲಿಯ ದೇಹಕ್ಕೆ ಬಿಡುತ್ತಾರೆ. ನೋಡಬೇಕಾದ ದಿನ ಲೂಸಿಫೆರಿನ್ ಎಂಬ ವಸ್ತುವನ್ನು ಚುಚ್ಚಿ, ಅರಿವಳಿಕೆ ಕೊಟ್ಟು, ಇಲಿಯನ್ನು ಕತ್ತಲ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಜೀವಂತ ಕ್ಯಾನ್ಸರ್ ಕೋಶಗಳು ಬೆಳಗುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಮಂದ ಬೆಳಕನ್ನು ಅತಿ ತಣ್ಣಗೆ ಇಟ್ಟ ಕ್ಯಾಮೆರಾ ಹಿಡಿಯುತ್ತದೆ. ಇಲಿ ಮತ್ತೆ ಎಚ್ಚರಗೊಂಡು ಗೂಡಿಗೆ ಮರಳುತ್ತದೆ.

ಲೆಕ್ಕ ಸರಳ. ಔಷಧ ಕೊಟ್ಟ ಗುಂಪು, ಕೊಡದ ಗುಂಪು ಎಂದು ಎರಡು ಗುಂಪುಗಳಿವೆ, ಐದು ಸಲ ನೋಡಬೇಕಿದೆ, ಪ್ರತಿಸಲ ಗುಂಪಿಗೆ 8 ಇಲಿ ಬೇಕು ಎಂದಿಟ್ಟುಕೊಳ್ಳಿ. ಕೊಂದು ನೋಡುವುದಾದರೆ 80 ಇಲಿ ಬೇಕು. ಚಿತ್ರ ತೆಗೆದು ನೋಡುವುದಾದರೆ 16 ಸಾಕು. ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರ ತಮ್ಮ ಪುಸ್ತಕದಲ್ಲಿ ವಿಜ್ಞಾನಿಗಳ ಮುಂದೆ ಮೂರು ಮಾತುಗಳನ್ನಿಟ್ಟಿದ್ದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಿ, ಸಂಖ್ಯೆ ಕಡಿಮೆ ಮಾಡಿ, ನೋವು ಕಡಿಮೆ ಮಾಡಿ. ಉಳಿದ 64 ಇಲಿಗಳ ಲೆಕ್ಕ ಎರಡನೆಯ ಮಾತಿಗೆ ಸಂದಿದೆ.

ಆದರೆ ಮೂರನೆಯ ಮಾತು? ಕಷ್ಟ ಇರುವುದು ಇಲ್ಲಿ. ಹಳೆಯ ವಿಧಾನದಲ್ಲಿ ಮೊದಲ ವಾರವೇ ಸತ್ತ ಇಲಿಗೆ ರೋಗದ ಕೊನೆಯ ದಿನಗಳು ಗೊತ್ತಿರಲಿಲ್ಲ. ಹೊಸ ವಿಧಾನದಲ್ಲಿ ಅದೇ ಇಲಿ ವಾರಗಟ್ಟಲೆ ಗಡ್ಡೆಯನ್ನು ಹೊತ್ತು ಬದುಕಬೇಕು. ಮತ್ತೆ ಮತ್ತೆ ಸೂಜಿ, ಮತ್ತೆ ಮತ್ತೆ ಅರಿವಳಿಕೆ. ಹಲವರಿಗೆ ಹಂಚಿಹೋಗುತ್ತಿದ್ದ ಸಂಕಟವನ್ನು ನಾವು ಕೆಲವರ ತಲೆಯ ಮೇಲೆ ಹೊರಿಸಿದೆವೇ? ನೋವನ್ನು ಹೀಗೆ ತಲೆಯೆಣಿಸಿ ಅಳೆಯಲು ಬರುತ್ತದೆಯೇ? 16 ಎಂಬುದು 80ಕ್ಕಿಂತ ಚಿಕ್ಕದು ಎಂದು ಕಾಗದ ಹೇಳುತ್ತದೆ. ಆದರೆ ಗೂಡಿನಲ್ಲಿರುವ ಒಂದು ಇಲಿಗೆ ಅದರ ದೇಹ ಒಂದೇ, ಅದರ ನೋವು ಪೂರ್ತಿ ಅದರದೇ.

ಹಾಗಾದರೆ ಎಲ್ಲವನ್ನೂ ನಿಲ್ಲಿಸಿಬಿಡಿ ಎನ್ನೋಣವೇ? ಬಾಟಲಿಯ ಹನಿಗಳನ್ನು ನೋಡುತ್ತಾ ಕೂತವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ನಮಗೂ ಬರಲಿಲ್ಲ. ಇಲಿಗೇನು ತಿಳಿಯುತ್ತದೆ ಎಂದು ಕೈತೊಳೆದುಕೊಳ್ಳುವುದೂ ಸುಳ್ಳು. ನೋವು ತಿಳಿಯದ ಪ್ರಾಣಿಗೆ ಅರಿವಳಿಕೆ ಏಕೆ ಕೊಡುತ್ತಿದ್ದೆವು?

ನಮಗೆ ತೋರುವುದು ಇಷ್ಟು. ಈ ಬೆಳಕಿನ ಬೆಲೆ ಅದನ್ನು ಕಂಡ ಮೇಲೆ ನಾವೇನು ಮಾಡುತ್ತೇವೆ ಎಂಬುದರಲ್ಲಿದೆ. ಕೈಗೆ ಗಡ್ಡೆ ಸಿಗುವ ಮೊದಲೇ ಕ್ಯಾಮೆರಾ ಅದನ್ನು ತೋರಿಸಬಲ್ಲದು. ಔಷಧ ನಾಟಿತೋ ಇಲ್ಲವೋ ಎಂಬುದು ಬೇಗ ತಿಳಿದರೆ, ಇಲಿ ನರಳುವ ಹಂತಕ್ಕೆ ಮುಟ್ಟುವ ಮೊದಲೇ ಪ್ರಯೋಗ ಮುಗಿಸಬಹುದು. ಹಾಗೆ ಮುಗಿಸಿದರೆ ಮೂರನೆಯ ಮಾತಿಗೂ ನ್ಯಾಯ ಸಂದಿತು. ಇನ್ನೊಂದು ವಾರ ನೋಡೋಣ, ಇನ್ನೊಂದು ಚಿತ್ರ ಸಿಗಲಿ ಎಂದು ಎಳೆದರೆ ಅದೇ ಯಂತ್ರ ಕ್ರೌರ್ಯದ ಸಾಧನವಾಗುತ್ತದೆ.

ಚಿತ್ರವೊಂದನ್ನೇ ನಂಬುವಂತೆಯೂ ಇಲ್ಲ. ಆಳದ ಬೆಳಕನ್ನು ಮಾಂಸ ಹೀರಿಕೊಳ್ಳುತ್ತದೆ. ದೊಡ್ಡ ಗಡ್ಡೆಯ ನಡುವೆ ಆಮ್ಲಜನಕ ಸಿಗದೆ ಕೋಶಗಳು ಸತ್ತರೆ, ಗಡ್ಡೆ ಬೆಳೆದಿದ್ದರೂ ಬೆಳಕು ಕುಂದಬಹುದು. ಆದ್ದರಿಂದ ಎಂಆರ್‌ಐ, ಅಲ್ಟ್ರಾಸೌಂಡ್‌ಗಳನ್ನೂ ಬಳಸುತ್ತಾರೆ. ಜೊತೆಗೆ ಇಲಿಯ ತೂಕ ಇಳಿಯಿತೇ, ಬೆನ್ನು ಗೂನಾಯಿತೇ, ಮೈಗೂದಲು ಕೆದರಿತೇ ಎಂದು ಗೂಡಿನ ಬಳಿ ನಿಂತು ನೋಡುವ ಒಂದು ಜೊತೆ ಕಣ್ಣೂ ಬೇಕು.

ನಮ್ಮ ದೇಶದಲ್ಲಿ ಪ್ರಾಣಿಹಿಂಸೆ ತಡೆಯುವ ಕಾನೂನು 1960ರಿಂದ ಇದೆ. ಪ್ರಯೋಗಗಳ ಮೇಲೆ ಕಣ್ಣಿಡಲು ಸಂಸ್ಥೆಗಳಲ್ಲಿ ನೈತಿಕ ಸಮಿತಿಗಳೂ ಇವೆ. ಸಮಿತಿ ಕಾಗದ ನೋಡಿ ಅನುಮತಿ ಕೊಡಬಹುದು. ಆದರೆ ಸಂಜೆ ಪರದೆಯ ಮೇಲೆ ಆ ಬೆಳಕನ್ನು ಕಂಡು, ಇಷ್ಟು ಸಾಕು, ಇಲ್ಲಿಗೆ ಮುಗಿಸೋಣ ಎನ್ನಬೇಕಾದವರು ಅಲ್ಲಿ ಕೂತ ಒಬ್ಬರೇ. ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ ಎಂಬ ನೆಪ ಒಂದು ಕಾಲಕ್ಕೆ ಅವರಿಗಿತ್ತು. ಈಗ ಇಲ್ಲ. ಆ ಔಷಧದಿಂದ ಬದುಕಿದ ನಮಗೂ ಇಲ್ಲ.